ಹಳೆಯ ಮೋಟಾರು: ಮೂಲರೂಪವೋ, ಮಾರ್ಪಾಡೋ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಈ ವೇದಿಕೆಯ ಮೇಲೆ ನಿಂತರೆ ಪಂಪನನ್ನೋ ರನ್ನನನ್ನೋ ಕುರಿತು, ಇಲ್ಲವೆ ನಮ್ಮ ಸೊನ್ನಲಿಗೆಯ ಸಿದ್ಧರಾಮನ ವಚನಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಹಳೆಯ ಮೋಟಾರು ಗಾಡಿಗಳನ್ನು ಕುರಿತು ಮಾತನಾಡಲು ನಿಂತಿರುವೆನು. ಸಂಧಿ ಸಮಾಸಗಳನ್ನು ಹೇಳಿಕೊಡುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ನಿಮ್ಮಲ್ಲಿ ಕೆಲವರು ನಕ್ಕರೆ ಅದು ಸಹಜವೇ. ಆದರೆ ಕಳೆದ ವರ್ಷ ಒಂದು ಮನೆಯ ಜಗಳದಲ್ಲಿ ನನ್ನನ್ನು ಪಂಚನನ್ನಾಗಿ ಕೂಡಿಸಿದರು. ಆ ಜಗಳದ ವಸ್ತು ಒಂದು ಹಳೆಯ ಕಾರು. ನ್ಯಾಯ ಹೇಳಬೇಕಾಗಿ ಬಂದುದರಿಂದ ನಾನು ಒಂದಿಷ್ಟು ಓದಬೇಕಾಯಿತು, ಬಲ್ಲವರನ್ನು ಕೇಳಬೇಕಾಯಿತು. ಓದುತ್ತ ಹೋದಂತೆ, ಈ ಪ್ರಶ್ನೆ ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದ ಪ್ರಶ್ನೆಯೇ ಎಂದು ತಿಳಿದು ನನಗೇ ಆಶ್ಚರ್ಯವಾಯಿತು. ಆ ವಿಚಾರವನ್ನು ನಿಮ್ಮ ಮುಂದಿಡುವುದೇ ನನ್ನ ಉದ್ದೇಶ.

ಮೊದಲು ಜಗಳದ ಸ್ವರೂಪವನ್ನು ಹೇಳುವೆನು. ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದು ಒಕ್ಕಲು ಮನೆತನ. ಆ ಮನೆಯ ಹಿರಿಯರು, ಈಗ ಅವರಿಲ್ಲ, 1965ನೆಯ ಇಸವಿಯ ಒಂದು ಫಿಯೆಟ್ 1100 ಡಿಲೈಟ್ ಕಾರನ್ನು ಇಟ್ಟುಕೊಂಡಿದ್ದರು. ಊರಿನಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಹೆಣ್ಣುಮಕ್ಕಳನ್ನು ಸೊಲ್ಲಾಪುರಕ್ಕೆ ಮುಟ್ಟಿಸುತ್ತಿದ್ದುದು ಆ ಗಾಡಿಯೇ. ಅವರ ತರುವಾಯ ಅದು ಹದಿನೆಂಟು ವರ್ಷ ದನದ ಕೊಟ್ಟಿಗೆಯ ಪಕ್ಕದ ಛಾವಣಿಯಲ್ಲಿ ನಿಂತಿತು. ಪ್ರತಿವರ್ಷ ಖಂಡೇಪೂಜೆಯ ದಿನ ಮಾತ್ರ ಅದಕ್ಕೆ ನೀರು, ಕುಂಕುಮ, ಒಂದು ತೆಂಗಿನಕಾಯಿ. ಮೊಮ್ಮಗನು ನನ್ನ ಹಳೆಯ ವಿದ್ಯಾರ್ಥಿ. ಈಗ ಪುಣೆಯಲ್ಲಿ ಎಂಜಿನಿಯರ್. ಅವನ ಇಚ್ಛೆ ಹೀಗಿತ್ತು: ಹಳೆಯ ಎಂಜಿನ್ ತೆಗೆದು ಹೊಸ ಜಪಾನೀ ಕಾರಿನ ಎಂಜಿನ್ ಕೂಡಿಸಬೇಕು, ತಂಪು ಯಂತ್ರ ಹಾಕಿಸಬೇಕು, ಸ್ಟಿಯರಿಂಗಿನ ಕಂಬಕ್ಕಿರುವ ಗೇರಿನ ಕೋಲನ್ನು ಕಿತ್ತು ಕೆಳಗೆ ತರಬೇಕು, ಅಗಲ ಗಾಲಿ ಹಾಕಿ ಪುಣೆಯವರೆಗೆ ಓಡಿಸಬೇಕು. ಅವನ ಕಾಕಾ ಇದಕ್ಕೆ ಸುತರಾಂ ಒಪ್ಪಲಿಲ್ಲ.

ಇಬ್ಬರೂ ಒಂದು ಭಾನುವಾರ ನನ್ನ ಮನೆಗೆ ಬಂದರು. "ಸರ್, ಅಜ್ಜನ ಗಾಡಿ ಸುಮ್ಮನ ಕೊಳಿಯಾಕ ಬಿಡೂದೇನ್ರಿ? ಓಡಿದರ ಅಲ್ಲೇನ್ರಿ ಅದು ಗಾಡಿ?" ಎಂದು ಹುಡುಗನು ಕೇಳಿದನು. ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಓಡ್ಲಿ ಬಿಡ್ಲಿ, ನಮ್ಮಪ್ಪನ ಕೈ ಹತ್ತಿದ್ದು ಹೋಗಬಾರದು ನೋಡ್ರಿ, ಗುರುಗಳ" ಎಂದರು. ಸ್ಟಿಯರಿಂಗ್ ಚಕ್ರದ ಮೇಲೆ ಆ ಹಿರಿಯರ ಅಂಗೈ ಸವೆಸಿದ ಎರಡು ಜಾಗಗಳಿದ್ದವು. ಇವರಿಬ್ಬರಲ್ಲಿ ಯಾರದು ಸರಿ? ಆ ದಿನ ನನಗೆ ಉತ್ತರ ತಿಳಿಯಲಿಲ್ಲ. ಇಬ್ಬರದೂ ಪ್ರೀತಿಯ ಮಾತೇ ಆಗಿತ್ತು.

ಹಳೆಯ ಕಾರು ಎಂದ ಮಾತ್ರಕ್ಕೆ ಎಲ್ಲವೂ 'ವಿಂಟೇಜ್' ಆಗುವುದಿಲ್ಲ. ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ಒಂದು ಹವ್ಯಾಸಿಗಳ ಸಂಘವು 1930ರ ಕೊನೆಯೊಳಗೆ ತಯಾರಾದ ಗಾಡಿಗಳಿಗೆ ಮಾತ್ರ ಆ ಹೆಸರನ್ನು ಸಲ್ಲಿಸಿತು. ನಮ್ಮ ಭಾರತ ಸರಕಾರವು 2021ರ ಜುಲೈ ತಿಂಗಳಲ್ಲಿ ಹೊರಡಿಸಿದ ನಿಯಮದಲ್ಲಿ ಬೇರೆ ಅಳತೆಯನ್ನು ಹಿಡಿದಿದೆ. ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು. ಗಾಡಿಯು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈಕಟ್ಟು, ಎಂಜಿನ್ ಇವುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ಇಂಥ ಗಾಡಿಗೆ 'ವಿ.ಎ.' ಎಂಬ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದರ ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ಸಂಶೋಧನೆ, ಹಳೆಯ ಕಾರುಗಳ ಮೆರವಣಿಗೆ, ಪೆಟ್ರೋಲು, ದುರಸ್ತಿ ಇವುಗಳಿಗಾಗಿ ಮಾತ್ರ ರಸ್ತೆಗೆ ತರಬಹುದು. ಈ ಅಳತೆಯಂತೆ 1965ರ ಫಿಯೆಟ್ ಗಾಡಿಯೂ ವಿಂಟೇಜ್ ಪದವಿಗೆ ಅರ್ಜಿ ಹಾಕಬಹುದು. ಹುಡುಗನು ಹೇಳಿದ ಜಪಾನೀ ಎಂಜಿನ್ ಕೂಡಿಸಿದ ಮರುಕ್ಷಣವೇ ಅದು ಆ ಅರ್ಹತೆಯನ್ನು ಕಳೆದುಕೊಳ್ಳುವುದು.

ಈ ವಿಷಯವನ್ನು ಸೊಲ್ಲಾಪುರದಲ್ಲಿ ನಿಂತು ಮಾತನಾಡುವುದಕ್ಕೆ ಒಂದು ವಿಶೇಷ ಕಾರಣವುಂಟು. ಈ ಫಿಯೆಟ್ ಗಾಡಿಗಳನ್ನು ಭಾರತದಲ್ಲಿ ಕಟ್ಟಿದ ಕಂಪನಿಯ ಸ್ಥಾಪಕರು ನಮ್ಮ ಊರಿನವರು. ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. 1940ರಲ್ಲಿ ಮೈಸೂರು ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದವರೂ ಅವರೇ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು ಬಹಳ ಶ್ರಮಿಸಿದರು. ಆ ಪ್ರಯತ್ನದಲ್ಲಿ ವಾಲಚಂದರು ಅವರಿಗೆ ಜೊತೆಯಾಗಿದ್ದರು. ಕೊನೆಗೆ 1944ರಲ್ಲಿ ವಾಲಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ತೆರೆದರು. ಮೊದಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್, ಡಿಸೋಟೋ ಗಾಡಿಗಳನ್ನು ಅಲ್ಲಿ ಜೋಡಿಸಿದರು. ವಾಲಚಂದರು 1953ರಲ್ಲಿ ತೀರಿಕೊಂಡರು. ಮರುವರ್ಷ, 1954ರಲ್ಲಿ, ಇಟಲಿಯ ಫಿಯೆಟ್ 1100 ಆ ಕಾರ್ಖಾನೆಯಿಂದ ಹೊರಬರತೊಡಗಿತು. ಅದೇ ವಂಶದ ಗಾಡಿಗೆ 1974ರಿಂದ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರಾಯಿತು. ಈ ನೂತನ ಶತಮಾನದ ಆರಂಭದಲ್ಲಿ ಅದರ ತಯಾರಿಕೆ ನಿಂತುಹೋಯಿತು.

ಒಂದು ಕಾಲದಲ್ಲಿ ಈ ಗಾಡಿ ಎಲ್ಲೆಲ್ಲಿಯೂ ಇತ್ತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಪದ್ಮಿನಿಯೇ ಎಂಬಂತಿತ್ತು. ಅಲ್ಲಿ ಟ್ಯಾಕ್ಸಿಗೆ 20 ವರ್ಷಗಳ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿಯು ನೋಂದಣಿಯಾದದ್ದು 2003ರ ಅಕ್ಟೋಬರ್ ತಿಂಗಳಲ್ಲಿ. ಆದುದರಿಂದ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವು ಮುಂಬಯಿಯ ಬೀದಿಗಳಿಂದ ಮರೆಯಾದವು. ಎಲ್ಲೆಲ್ಲಿಯೂ ಇದ್ದದ್ದು ಎಲ್ಲಿಯೂ ಇಲ್ಲದಂತಾಗಲು ಬಹಳ ಕಾಲ ಬೇಕಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಶ್ರದ್ಧೆಯಿಂದ ಕಾಪಾಡಿದ್ದಾರೆ. ಅವು ನೋಡತಕ್ಕ ಸ್ಥಳಗಳು. ಆದರೆ ಎಲ್ಲ ಗಾಡಿಗಳೂ ಸಂಗ್ರಹಾಲಯ ಸೇರಲಾರವು. ನಮ್ಮ ನಿಮ್ಮ ಛಾವಣಿಗಳಲ್ಲಿ ನಿಂತಿರುವ ಗಾಡಿಯ ಹಣೆಬರಹ ನಮ್ಮ ನಿಮ್ಮ ಕೈಯಲ್ಲಿಯೇ ಇದೆ.

ಈಗ ಮಾರ್ಪಾಡಿನ ಪಕ್ಷದವರ ವಾದವನ್ನು ಕೇಳೋಣ. ಅದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಗಾಡಿ ಬದಲಾಗದಿದ್ದರೂ ಅದರ ಸುತ್ತಲಿನ ಲೋಕ ಬದಲಾಗಿದೆ ಎಂದು ಅವರು ಹೇಳುವರು, ಅದು ಸತ್ಯ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಸಿರುತ್ತಿತ್ತು. ಎಂಜಿನ್ನಿನ ಕವಾಟಗಳು ಕೂರುವ ಪೀಠಗಳನ್ನು ಆ ಸೀಸವು ಸವೆತದಿಂದ ಕಾಯುತ್ತಿತ್ತು. ವಿಷಕಾರಿಯಾದ ಆ ಸೀಸವನ್ನು 2000ನೆಯ ಇಸವಿಯ ಫೆಬ್ರವರಿಯಿಂದ ದೇಶದಾದ್ಯಂತ ನಿಲ್ಲಿಸಿದರು. ಅದು ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನಿಗೆ ಗಟ್ಟಿ ಲೋಹದ ಪೀಠಗಳನ್ನು ಹಾಕಿಸಬೇಕಾಗುತ್ತದೆ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಈ ಎಥೆನಾಲನ್ನು ತಯಾರಿಸುವ ಸಕ್ಕರೆ ಕಾರ್ಖಾನೆಗಳು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಇವೆ. ನಮ್ಮ ಹೊಲದ ಕಬ್ಬೇ ನಮ್ಮ ಅಜ್ಜನ ಗಾಡಿಯ ರಬ್ಬರನ್ನು ತಿನ್ನುತ್ತಿದೆ ಎಂದರೆ ತಪ್ಪಾಗದು! ಹಳೆಯ ರಬ್ಬರಿನ ಕೊಳವೆಗಳು ಎಥೆನಾಲಿಗೆ ಉಬ್ಬಿ ಬಿರಿಯುವವು. ಪೆಟ್ರೋಲು ಸೋರಿ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿಯ ಭಯ. ಮೂಲದ ಕೊಳವೆಯೇ ಇರಲಿ ಎಂದು ಹಟ ಹಿಡಿದವನು ಗಾಡಿಯನ್ನೇ ಸುಟ್ಟುಕೊಂಡಾನು.

ಅದಲ್ಲದೆ ಆ ಗಾಡಿಯ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು, ಆಸನಗಳಿಗೆ ಪಟ್ಟಿಯಿಲ್ಲ. ಅಂದಿನ ರಸ್ತೆಯಲ್ಲಿ ಎತ್ತಿನ ಬಂಡಿಗಳ ನಡುವೆ ಅದು ಸಾಕಾಗಿತ್ತು. ಇಂದಿನ ಪುಣೆ ಹೆದ್ದಾರಿಯಲ್ಲಿ ಹಿಂದೆ ಬರುವ ಲಾರಿಗೆ ಅಜ್ಜನ ನೆನಪಿನ ಹಂಗಿಲ್ಲ. ನಮ್ಮ ಚೈತ್ರ ವೈಶಾಖದ ಬಿಸಿಲಿನಲ್ಲಿ, 40 ಡಿಗ್ರಿ ಮೀರಿದ ಉರಿಯಲ್ಲಿ, ವಾಹನಗಳ ಸಾಲಿನಲ್ಲಿ ನಿಂತರೆ ಎಂಜಿನ್ ಕುದಿಯುವುದು. ಮುಂಬಯಿಯ ಪದ್ಮಿನಿಗಳು ಕೊನೆಯ ಇಪ್ಪತ್ತು ವರ್ಷ ಬದುಕಿದ್ದೇ ಸಿ.ಎನ್.ಜಿ. ಅನಿಲಕ್ಕೆ ಒಗ್ಗಿಸಿಕೊಂಡದ್ದರಿಂದ. 1970ರ ದಶಕದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ದೊಡ್ಡ ಅಮೆರಿಕನ್ ಗಾಡಿಗಳಿಗೆ ಡೀಸೆಲ್ ಎಂಜಿನ್ ಹಾಕಿಸಿ ಬಾಡಿಗೆಗೆ ಓಡಿಸಿದವರು ಅನೇಕರು. ಹಾಗೆ ಮಾಡದಿದ್ದರೆ ಅವು ಅಂದೇ ಗುಜರಿಗೆ ಹೋಗುತ್ತಿದ್ದವು. ಬದುಕಬೇಕಾದರೆ ಬದಲಾಗಬೇಕು ಎಂಬ ಈ ವಾದದಲ್ಲಿ ಬಲವಿದೆ.

ಮೂಲರೂಪದ ಪಕ್ಷದವರ ವಾದವೂ ಅಷ್ಟೇ ಗಟ್ಟಿಯಾದುದು. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಅಲ್ಲಿಯ ಒಂದು ಹಳೆಯ ಖಡ್ಗವನ್ನು ಯಾರಾದರೂ ತೆಗೆದುಕೊಂಡು, ಇದು ಮೊಂಡಾಗಿದೆ ಎಂದು ಅಲಗು ಬದಲಾಯಿಸಿ, ಹಿಡಿಗೆ ಪ್ಲಾಸ್ಟಿಕ್ ಸುತ್ತಿ ತಂದರೆ ನಾವು ಅದನ್ನು ಉಪಕಾರವೆನ್ನುವೆವೇ? ಆ ಕಾಲದ ಕಮ್ಮಾರನು ಉಕ್ಕನ್ನು ಹೇಗೆ ಹದಮಾಡುತ್ತಿದ್ದನೆಂಬ ಸಾಕ್ಷ್ಯವೇ ಅಳಿದುಹೋಯಿತಲ್ಲ! ಹಳೆಯ ಗಾಡಿಯೂ ಹಾಗೆಯೇ. ಅದರ ಬೆಸುಗೆ, ಅದರ ಬಣ್ಣದ ಪದರ, ಅದರ ಆಸನದ ಒಳಗಿನ ನಾರು, ಎಲ್ಲವೂ ಆ ಕಾಲದ ಕೆಲಸಗಾರರ ಕೈಬರಹ. ಅಳಿಸಿದ ಮೇಲೆ ಮತ್ತೆ ಓದಲಾಗದು.

ಮದುವೆಯ ಮೆರವಣಿಗೆಗೆಂದು ಹಳೆಯ ಕಾರುಗಳ ಮಾಡು ಕತ್ತರಿಸಿ ತೆರೆದ ಗಾಡಿ ಮಾಡುವುದನ್ನು ನೀವು ಕಂಡಿರಬಹುದು. ಇದರಲ್ಲಿ ಅಂದಗೆಡುವುದೊಂದೇ ತೊಂದರೆಯಲ್ಲ. ಹಳೆಯ ದೊಡ್ಡ ಅಮೆರಿಕನ್ ಗಾಡಿಗಳಲ್ಲಿ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಮೈ. ಬಂಡಿಯ ಪಾರಿನ ಮೇಲೆ ಕಮಾನು ಕಟ್ಟಿದ ಹಾಗೆ. ಮಾಡು ಕತ್ತರಿಸಿದರೂ ಚಾಸಿ ಭಾರ ಹೊರುವುದು. ಫಿಯೆಟ್ 1100 ಹಾಗಲ್ಲ. ಅದಕ್ಕೆ ಬೇರೆ ಚಾಸಿಯಿಲ್ಲ. ತಳ, ಗೋಡೆ, ಮಾಡು ಎಲ್ಲವೂ ಕೂಡಿ ಒಂದೇ ಪೆಟ್ಟಿಗೆಯಾಗಿ ಭಾರವನ್ನು ಹಂಚಿಕೊಳ್ಳುತ್ತವೆ. ಮಾಡು ಕತ್ತರಿಸಿದರೆ ಪೆಟ್ಟಿಗೆಯ ಬಲವೇ ಹೋಯಿತು. ನಡುವೆ ಬಾಗುವುದು, ಬಾಗಿಲು ಕೂಡದು. ವಸ್ತುವಿನ ಕಟ್ಟನ್ನು ತಿಳಿಯದೆ ಅದನ್ನು ತಿದ್ದಹೋಗುವುದು ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಕಾನೂನೂ ಈ ಪಕ್ಷದ ಕಡೆಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನಿಯಮಗಳು ಒಪ್ಪಿದ ಸಂದರ್ಭಗಳನ್ನು ಬಿಟ್ಟು, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು.

ಇಂತು ಎರಡೂ ಪಕ್ಷಗಳನ್ನು ತೂಗಿನೋಡಿ, ಕಾಕಾ ಅವರದೇ ಸರಿ ಎಂದು ಹೇಳಿಬಿಡಬೇಕೆಂದು ನಾನು ಮನಸ್ಸು ಮಾಡಿದ್ದೆನು. ಗಾಡಿಯನ್ನು ಒಮ್ಮೆ ನೋಡಿಬರೋಣವೆಂದು ಸೊಲ್ಲಾಪುರದ ಒಬ್ಬ ವೃದ್ಧ ಮಿಸ್ತ್ರಿಯನ್ನು ಕರೆದುಕೊಂಡು ಹಳ್ಳಿಗೆ ಹೋದೆನು. ಮಿಸ್ತ್ರಿಯು ಮುಂಭಾಗದ ಮುಚ್ಚಳ ಎತ್ತಿ, ಬ್ಯಾಟರಿ ದೀಪ ಹಿಡಿದು, ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಬಟ್ಟೆಯಿಂದ ಒರಸಿ ಓದಿದನು. ನೋಂದಣಿಯ ಪುಸ್ತಕವನ್ನು ತರಿಸಿ ನೋಡಿದೆವು. ಅದರಲ್ಲಿ ಮೊದಲಿನ ಎಂಜಿನ್ ಸಂಖ್ಯೆಗೆ ಗೆರೆ ಎಳೆದು, ಬೇರೊಂದು ಸಂಖ್ಯೆ ಬರೆದು, ಕಚೇರಿಯ ಮುದ್ರೆ ಹಾಕಿತ್ತು. ಆ ಹಿರಿಯರೇ ತಮ್ಮ ಕಾಲದಲ್ಲಿ ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕಿಸಿದ್ದರು! ಮಿಸ್ತ್ರಿಯು ಬಾಗಿಲಿನ ಒಳಅಂಚನ್ನು ಉಗುರಿನಿಂದ ಕೆರೆದು ತೋರಿಸಿದನು. ಮೇಲಿನ ಬಿಳಿಯ ಬಣ್ಣದ ಕೆಳಗೆ ಬೂದುಬಣ್ಣವಿತ್ತು. ಯಾವುದನ್ನು ಮೂಲವೆಂದು ಕಾಕಾ ಕಣ್ಣಿನಲ್ಲಿಟ್ಟು ಕಾಯುತ್ತಿದ್ದರೋ ಅದೇ ಒಂದು ಮಾರ್ಪಾಡಾಗಿತ್ತು. ಅವರು ಬಾಗಿಲಿನ ಮೇಲೆ ಕೈಯಿಟ್ಟು ಹಾಗೆಯೇ ನಿಂತುಬಿಟ್ಟರು. ನನಗೂ ಮಾತು ಹೊರಡಲಿಲ್ಲ. ಹಾಗಾದರೆ ಮೂಲ ಯಾವುದು? ಕಾರ್ಖಾನೆಯಿಂದ ಬಂದ ಬೂದುಬಣ್ಣವೋ? ಅಪ್ಪನು ಬಳಿಸಿದ ಬಿಳಿಬಣ್ಣವೋ?

ಇಂಥದೇ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಬೆಂಟ್ಲೆ ಕಂಪನಿಯ 'ಓಲ್ಡ್ ನಂಬರ್ ಒನ್' ಎಂಬ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯದಲ್ಲಿ, 24 ಗಂಟೆಗಳ ಓಟದಲ್ಲಿ, ಗೆದ್ದಿತ್ತು. ಮುಂದಿನ ವರ್ಷಗಳ ಪಂದ್ಯಗಳಿಗಾಗಿ ಅದನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದರು. 1932ರಲ್ಲಿ ಅದು ಭಾರಿ ಅಪಘಾತಕ್ಕೆ ಈಡಾಯಿತು. ಮತ್ತೆ ಹೊಸ ಮೈ ಕಟ್ಟಿದರು. ಬಹುಕಾಲದ ಮೇಲೆ ಅದನ್ನು ಒಂದು ಕೋಟಿ ಪೌಂಡುಗಳಿಗೆ ಮಾರುವ ಒಪ್ಪಂದವಾಯಿತು. ಕೊಳ್ಳುವವರು, ಇದರಲ್ಲಿ ಪಂದ್ಯ ಗೆದ್ದ ಗಾಡಿಯ ಅಂಶ ಉಳಿದಿರುವುದೇ ಅತ್ಯಲ್ಪ, ಇದು ಆ ಗಾಡಿಯೇ ಅಲ್ಲ ಎಂದು ಹಿಂದೆಗೆದರು. ನ್ಯಾಯಮೂರ್ತಿಗಳು ಸೂಕ್ಷ್ಮವಾದ ಭೇದವನ್ನು ಮಾಡಿದರು. ಗೆದ್ದ ದಿನ ಇದ್ದ ಮೂಲ ವಸ್ತುವೇ ಇದು ಎಂದು ಹೇಳಲಾಗದು. ಆದರೆ ಈ ಗಾಡಿಯ ಚರಿತ್ರೆ ಎಲ್ಲಿಯೂ ಕಡಿದುಹೋಗಿಲ್ಲ. ಒಂದೊಂದು ಬದಲಾವಣೆಯೂ ಅದರ ಬಾಳಿನೊಳಗೇ ಆದುದು. ಆ ಹೆಸರನ್ನು ಧರಿಸುವ ಹಕ್ಕುಳ್ಳ ಬೇರೊಂದು ಗಾಡಿ ಇಲ್ಲ. ಆದುದರಿಂದ ಇದೇ 'ಓಲ್ಡ್ ನಂಬರ್ ಒನ್' ಎಂದು ತೀರ್ಪಿತ್ತರು.

ನಮ್ಮ ಹಳ್ಳಿಯ ಜನಕ್ಕೆ ಇದು ಹೊಸ ತತ್ತ್ವವಲ್ಲ. ದೇವರ ತೇರಿನ ಗಾಲಿ ಮುರಿದರೆ ಬಡಿಗನು ಹೊಸ ಗಾಲಿ ಮಾಡುವನು. ಅಚ್ಚು ಬದಲಾಗುವುದು, ಹಲಗೆಗಳು ಬದಲಾಗುವವು. ನೂರು ವರ್ಷಗಳ ಮೇಲೆ ಹಳೆಯ ಮರದ ತುಂಡು ಎಷ್ಟು ಉಳಿದಿದೆಯೋ! ಆದರೂ ಅದು ನಮ್ಮ ಅಜ್ಜಂದಿರು ಎಳೆದ ತೇರೇ. ಯಾವ ವರ್ಷವೂ ಅದು ನಿಲ್ಲಲಿಲ್ಲ, ಅದರ ಜಾಗಕ್ಕೆ ಇನ್ನೊಂದು ಬಂದು ಸೇರಲಿಲ್ಲ ಎಂಬುದೇ ಅದಕ್ಕೆ ಆಧಾರ.

ಆದರೆ ಇಷ್ಟಕ್ಕೇ ನಿಂತರೆ, ಏನು ಬೇಕಾದರೂ ಬದಲಾಯಿಸಿ ಚರಿತ್ರೆಯೆಂದು ಕರೆಯಬಹುದಲ್ಲವೇ? ಇಲ್ಲಿಯೇ ನನ್ನ ವೃತ್ತಿಯ ವಿದ್ಯೆ ನನ್ನ ನೆರವಿಗೆ ಬಂದಿತು. ನಮ್ಮ ಹಳೆಯ ಕಾವ್ಯಗಳು ಓಲೆಗರಿಯಲ್ಲಿದ್ದವು. ಹುಳು ತಿಂದು, ಅಕ್ಷರ ಮಾಸಿ, ಪ್ರತಿಮಾಡಿದವರ ಕೈತಪ್ಪಿನಿಂದ ಪಾಠ ಕೆಟ್ಟಿರುತ್ತಿತ್ತು. ಗ್ರಂಥಸಂಪಾದಕನು ತಿದ್ದಲೇಬೇಕು, ತಿದ್ದದಿದ್ದರೆ ಓದಲಾಗದು. ಆದರೆ ಒಳ್ಳೆಯ ಸಂಪಾದಕನು ತಿದ್ದಿದ ಪಾಠವನ್ನು ಮೇಲೆ ಕೊಟ್ಟು, ಓಲೆಯಲ್ಲಿದ್ದ ಪಾಠವನ್ನು ಅಡಿಯಲ್ಲಿ ಕೊಡುವನು. ತಾನು ಸೇರಿಸಿದ ಅಕ್ಷರವನ್ನು ಕಂಸದಲ್ಲಿಡುವನು. ಓಲೆಗರಿಯನ್ನಂತೂ ಎಸೆಯುವುದಿಲ್ಲ. ನಾಳೆ ತನಗಿಂತ ಬಲ್ಲವನು ಬಂದು, ನೀನು ತಿದ್ದಿದ್ದು ತಪ್ಪು ಎಂದರೆ, ಮೂಲಕ್ಕೆ ಹಿಂದಿರುಗುವ ದಾರಿ ತೆರೆದಿರಬೇಕು. ಕೆಟ್ಟ ಸಂಪಾದಕನು ತನ್ನ ಮಾತನ್ನು ಕವಿಯ ಮಾತಿನೊಳಗೆ ಗುರುತು ಸಿಗದಂತೆ ಬೆರೆಸಿಬಿಡುವನು. ಅವನು ತಿದ್ದಿದ್ದು ಅಪರಾಧವಲ್ಲ, ಬಚ್ಚಿಟ್ಟದ್ದು ಅಪರಾಧ.

ಶೂನ್ಯಸಂಪಾದನೆಯನ್ನೇ ನೋಡಿರಿ. ನಮ್ಮ ಸಿದ್ಧರಾಮನೂ ಬರುವ ಆ ಗ್ರಂಥವನ್ನು ಮೊದಲು ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ತಮ್ಮ ತಮ್ಮ ದೃಷ್ಟಿಗೆ ತಕ್ಕಂತೆ ಪರಿಷ್ಕರಿಸಿದರು. ಅವು ಮಾರ್ಪಾಡುಗಳಲ್ಲವೇ? ಹೌದು. ಆದರೂ ಅವು ನಮಗೆ ಮಾನ್ಯವಾದವು. ಏಕೆಂದರೆ ಪ್ರತಿಯೊಂದರ ಮೇಲೂ ಪರಿಷ್ಕರಿಸಿದವನ ಹೆಸರಿದೆ. ಮೊದಲಿನದೂ ಅಳಿಯದೆ ಉಳಿದಿದೆ. ಯಾರು ಏನನ್ನು ಬದಲಾಯಿಸಿದರೆಂದು ಇಂದಿಗೂ ಹೋಲಿಸಿ ತಿಳಿಯಬಹುದು.

ಮೋಟಾರು ಲೋಕದ ತಿಳಿದವರೂ ಇದೇ ತೀರ್ಮಾನಕ್ಕೆ ಬಂದಿರುವರೆಂದು ಆಮೇಲೆ ಓದಿ ನನಗೆ ಸಂತೋಷವಾಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೊಂದು 1966ರಲ್ಲಿ ಸ್ಥಾಪನೆಯಾಯಿತು. ಅದು 2013ರಲ್ಲಿ ಇಟಲಿಯ ಟ್ಯೂರಿನ್ ನಗರದ ಹೆಸರಿನಲ್ಲಿ ಒಂದು ಸನ್ನದನ್ನು ಪ್ರಕಟಿಸಿತು. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ಮಾಡಿದ ಸನ್ನದೇ ಅದಕ್ಕೆ ಮಾದರಿ. ಕಾಪಾಡುವುದು ಮೊದಲು, ಹೊಸದರಂತೆ ಮಾಡುವುದು ಆಮೇಲೆ. ಗಾಡಿಯು ತನ್ನ ಬಳಕೆಯ ಕಾಲದಲ್ಲಿ ಪಡೆದ ಬದಲಾವಣೆಗಳೂ ಅದರ ಚರಿತ್ರೆಯ ಭಾಗ. ಹೊಸದಾಗಿ ಹಾಕಿದ ಭಾಗಕ್ಕೆ ಅಳಿಸದ ಗುರುತು ಇರಬೇಕು. ಮಾಡಿದ ಕೆಲಸವನ್ನೆಲ್ಲ ಬರೆದಿಡಬೇಕು ಎಂಬುದು ಅದರ ಸಾರ. ಗ್ರಂಥಸಂಪಾದನೆಯ ಧರ್ಮಕ್ಕೂ ಇದಕ್ಕೂ ಏನು ಅಂತರ?

ಆದಕಾರಣ ನಾನು ಆ ಮನೆಯವರಿಗೆ ಮೂರು ಪ್ರಶ್ನೆಗಳನ್ನು ಕೊಟ್ಟೆನು. ಯಾವ ಬದಲಾವಣೆಗೂ ಮುಂಚೆ ಇವನ್ನು ಕೇಳಿಕೊಳ್ಳಿರಿ ಎಂದೆನು. ಒಂದು, ಇದು ಜೀವರಕ್ಷಣೆಗೆ ಅಥವಾ ಗಾಡಿಯ ಉಳಿವಿಗೆ ಬೇಕೇ, ಇಲ್ಲವೆ ಬರಿಯ ಸೊಗಸಿಗೋ? ಎರಡು, ಇದನ್ನು ನಾಳೆ ಬಿಚ್ಚಿ ಮೊದಲಿನಂತೆ ಮಾಡಬಹುದೇ? ಮೂರು, ಇದನ್ನು ಬರೆದಿಟ್ಟಿರುವಿರಾ, ತೆಗೆದ ಭಾಗವನ್ನು ಕಾದಿಟ್ಟಿರುವಿರಾ?

ಈ ಅಳತೆಗೋಲನ್ನು ಹಿಡಿದು ನೋಡಿದಾಗ ಜಗಳದ ಮುಕ್ಕಾಲು ಪಾಲು ತಾನಾಗಿಯೇ ಹರಿದುಹೋಯಿತು. ಎಥೆನಾಲ್ ತಾಳುವ ಹೊಸ ಕೊಳವೆಗಳು ಬಂದವು. ಎಂಜಿನ್ ತಣಿಸಲು ಮೈಗೆ ರಂಧ್ರ ಕೊರೆಯದೆ ಒಂದು ವಿದ್ಯುತ್ ಪಂಖ ಕೂಡಿಸಿದರು. ಜಪಾನೀ ಎಂಜಿನ್ನಿನ ಮಾತು ಬಿದ್ದುಹೋಯಿತು. ಅದನ್ನು ಕೂಡಿಸಲು ಮುಂಭಾಗದ ತಗಡನ್ನು ಕತ್ತರಿಸಬೇಕಾಗುತ್ತಿತ್ತು, ಕತ್ತರಿಸಿದ್ದು ಮತ್ತೆ ಕೂಡದು. ಹುಡುಗನೇ ಅದನ್ನು ಬೇಡವೆಂದನು. ಅಜ್ಜನು ಹಾಕಿಸಿದ ಎಂಜಿನ್ನನ್ನೇ ಮಿಸ್ತ್ರಿಯು ನಾಲ್ಕು ತಿಂಗಳು ಹಿಡಿದು ಸರಿಮಾಡಿದನು. ಬಿಳಿಯ ಬಣ್ಣವನ್ನು ಹಾಗೆಯೇ ಉಳಿಸಿ, ಬಾಗಿಲಿನ ಒಳಅಂಚಿನಲ್ಲಿ ಅಂಗೈಯಗಲ ಬೂದುಬಣ್ಣವನ್ನು ಕಾಣುವಂತೆ ಬಿಟ್ಟರು. ಸ್ಟಿಯರಿಂಗ್ ಚಕ್ರವನ್ನು ಯಾರೂ ಮುಟ್ಟಲಿಲ್ಲ.

ಒಂದು ಕಡೆ ಮಾತ್ರ ನನ್ನ ಎರಡನೆಯ ಪ್ರಶ್ನೆ ಸೋತಿತು. ಆಸನದ ಪಟ್ಟಿಗಳನ್ನು ಬಿಗಿಯಲು ಗಾಡಿಯ ತಳಕ್ಕೆ ರಂಧ್ರ ಕೊರೆಯಬೇಕಾಗಿತ್ತು. ಕೊರೆದ ರಂಧ್ರ ಮತ್ತೆ ಮೂಲವಾಗದು. ಹುಡುಗನಿಗೆ ಇಬ್ಬರು ಚಿಕ್ಕ ಮಕ್ಕಳು. ನಾನು ಅನುಮಾನಿಸುತ್ತಿರುವಾಗ ಕಾಕಾ ಅವರೇ, "ಕೊರೀರಿ, ಗುರುಗಳ. ಅಪ್ಪ ಇದ್ದಿದ್ದರೂ ಕೊರಸ್ತಿದ್ದ" ಎಂದರು. ಆ ಮಾತಿಗೆ ನಾನು ತಲೆಬಾಗಿದೆನು. ನಿಯಮಗಳು ವಿವೇಕಕ್ಕೆ ಊರುಗೋಲು ಮಾತ್ರ. ವಿವೇಕದ ಜಾಗದಲ್ಲಿ ಅವು ಕೂರಬಾರದು.

ಎಲ್ಲವೂ ಸುಖಾಂತವಾಯಿತೆಂದು ನಾನು ಹೇಳುವುದಿಲ್ಲ. ಹುಡುಗನಿಗೆ ಪುಣೆಯವರೆಗೆ ಓಡಿಸುವ ಆಸೆ ಕೈಗೂಡಿಲ್ಲ. ಆ ಬ್ರೇಕುಗಳನ್ನು ನಂಬಿ ಹೆದ್ದಾರಿಗೆ ಹೋಗಬೇಡವೆಂದು ಮಿಸ್ತ್ರಿಯೇ ತಡೆದನು. 'ವಿ.ಎ.' ಸಂಖ್ಯೆಗೆ ಅರ್ಜಿ ಹಾಕಬೇಕೋ, ಇಲ್ಲವೆ ಅರ್ಹತಾ ಪರೀಕ್ಷೆ ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿ ಆಗಾಗ ಓಡಿಸಬೇಕೋ ಎಂಬುದನ್ನು ಮನೆಯವರು ಇನ್ನೂ ನಿಶ್ಚಯಿಸಿಲ್ಲ. ಮೂಲರೂಪವನ್ನು ಕಾಯ್ದವನು ಒಂದಿಷ್ಟು ಸುಖವನ್ನು ಬಿಡಲೇಬೇಕು. ಅದನ್ನು ಮುಚ್ಚಿಟ್ಟು ಉಪದೇಶಿಸುವುದು ಸರಿಯಲ್ಲ.

ಆದರೆ ಒಂದು ಕೆಲಸ ಪೂರ್ತಿಯಾಯಿತು. ಕಾಕಾ ಅವರು ಒಂದು ದಪ್ಪ ವಹಿಯನ್ನು ತಂದು, ಗಾಡಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಯಾವ ಭಾಗ ಮೊದಲಿನದು, ಯಾವುದು ಅಪ್ಪನ ಕಾಲದ್ದು, ಯಾವುದು ಈಗ ಹಾಕಿದ್ದು, ಹಾಕಿದವರು ಯಾರು ಎಂದು ತಾರೀಖು ಸಹಿತ ಬರೆದರು. ತೆಗೆದ ಕೊಳವೆಗಳನ್ನೂ ಬೋಲ್ಟುಗಳನ್ನೂ ಒಂದು ಟ್ರಂಕಿನಲ್ಲಿ ಚೀಟಿ ಅಂಟಿಸಿ ಇಟ್ಟರು. ಆ ಗಾಡಿಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಹೆತ್ತು ಬಂದ ತಾಯಂದಿರ ಹೆಸರುಗಳನ್ನೂ ನೆನಪಿದ್ದಷ್ಟು ಬರೆದರು. ಅದರಲ್ಲಿ ಒಬ್ಬ ತಾಯಿಯ ಹೆಸರು ಕಾಕಾ ಅವರ ಸ್ವಂತ ಅಕ್ಕನದು; ನನ್ನ ವಿದ್ಯಾರ್ಥಿಯು ಅದನ್ನು ಆ ವಹಿಯಲ್ಲಿಯೇ ಮೊದಲ ಬಾರಿಗೆ ಓದಿದನು.

ಗಡಿನಾಡಿನಲ್ಲಿ ಬಾಳುವ ನಮಗೆ ಈ ಪ್ರಶ್ನೆ ಗಾಡಿಯೊಂದರದೇ ಅಲ್ಲ. ನಮ್ಮ ಮನೆಮಾತಿನಲ್ಲಿ ಮರಾಠಿಯ ಮಾತುಗಳು ಬೆರೆತಿವೆ. ನೆರೆಹೊರೆಯ ಬಾಳಿನಲ್ಲಿ ಬೆರೆತ ಆ ಮಾತುಗಳನ್ನೆಲ್ಲ ಕಿತ್ತೆಸೆದು ಶುದ್ಧಗೊಳಿಸಬೇಕೆಂಬ ಹಟ ನನಗಿಲ್ಲ. ಅವೂ ನಮ್ಮ ಚರಿತ್ರೆಯೇ. ಆದರೆ ಮಕ್ಕಳು ಮೂಲದ ಕನ್ನಡ ಮಾತು ಯಾವುದಿತ್ತೆಂದು ಕೇಳಿದಾಗ ಹೇಳಲು ನಮ್ಮ ಮನೆಯಲ್ಲಿ ಒಬ್ಬರಾದರೂ ಇರಬೇಕು, ಒಂದು ವಹಿಯಾದರೂ ಇರಬೇಕು. ಬದಲಾಗುವುದರಿಂದ ನಾವು ಅಳಿಯೆವು. ಏನು ಬದಲಾಯಿತೆಂಬುದನ್ನು ಮರೆತರೆ ಅಳಿಯುವೆವು.

ಕೊನೆಯದಾಗಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಛಾವಣಿಯಲ್ಲಿ ಹಳೆಯ ಫಿಯೆಟ್ ಇರಬಹುದು, ಜೀಪು ಇರಬಹುದು, ಅಜ್ಜನ ಸೈಕಲ್ಲೋ ಅಜ್ಜಿಯ ಹೊಲಿಗೆ ಯಂತ್ರವೋ ಇರಬಹುದು. ಅದನ್ನು ಗುಜರಿಗೆ ಹಾಕುವ ಮುಂಚೆ, ಹೊಸ ಬಣ್ಣ ಬಳಿಸುವ ಮುಂಚೆ, ಒಂದು ಸಂಜೆ ಮನೆಯ ಹಿರಿಯರನ್ನು ಅದರ ಪಕ್ಕ ಕೂಡಿಸಿ ಅವರು ಹೇಳಿದ್ದನ್ನು ಬರೆದುಕೊಳ್ಳಿರಿ. ಬರೆದ ಮೇಲೆ ಏನು ಮಾಡಬೇಕೆಂಬುದು ನಿಮಗೇ ತಿಳಿಯುವುದು.